ಅನ್ಯಭಾಷೆ ಬಾರದವರಲ್ಲಿ ಪವಿತ್ರಾತ್ಮನಿಲ್ಲವೋ?

ದಾವಣಗೆರೆಯ ವಿನೋಬನಗರದಲ್ಲಿ ಮನೆಯೊಂದರ ಪ್ರಾರ್ಥನಾಕೂಟಕ್ಕೆ ಹೋಗುತ್ತಿದ್ದ ನಮ್ಮ ಸಭೆಯ ಯುವತಿಯೊಬ್ಬಳು ಮೂರು ತಿಂಗಳು ಕರ್ತನ ಭೋಜನಕ್ಕೆ ಬರಲಿಲ್ಲ. ಕಾರಣ ಕೇಳಿದಾಗ, ತನಗೆ ಅನ್ಯಭಾಷೆ ಬಂದಿಲ್ಲ, ಆದ್ದರಿಂದ ಪವಿತ್ರಾತ್ಮನು ತನ್ನಲ್ಲಿಲ್ಲ ಎಂದಳು. ಅಲ್ಲಿಯ ಬೋಧಕರು ಹಾಗೆ ಕಲಿಸಿದ್ದರು. ಈ ಬೋಧನೆಯನ್ನು ವಾಕ್ಯದ ಬೆಳಕಿನಲ್ಲಿ ಪರೀಕ್ಷಿಸುವುದು ನಮಗೆ ಅನಿವಾರ್ಯವಾಯಿತು.

ಮೊದಲು ನ್ಯಾಯವಾದ ಒಂದು ಮಾತು. ಪೆಂತೆಕೊಸ್ತ್ ದೈವಶಾಸ್ತ್ರಜ್ಞರು ಇಷ್ಟು ಒರಟಾಗಿ ಹೇಳುವವರಲ್ಲ. ನಂಬಿದವರೆಲ್ಲರಲ್ಲಿಯೂ ಆತ್ಮನು ವಾಸಿಸುತ್ತಾನೆ, ಆದರೆ ಅನಂತರ ದೊರೆಯುವ ಆತ್ಮಾಭಿಷೇಕಕ್ಕೆ ಅನ್ಯಭಾಷೆಯೇ ಮೊದಲ ಗುರುತು ಎಂಬುದು ಅವರ ವಾದ. ಕೂಟದ ಉತ್ಸಾಹದಲ್ಲಿ ಈ ವ್ಯತ್ಯಾಸ ಅಳಿಸಿಹೋಗುತ್ತದೆ, ಗಾಯವಾಗುವುದು ಅಲ್ಲಿಯೇ.

ಅಪೊಸ್ತಲರ ಕೃತ್ಯಗಳಲ್ಲಿ ಅವರ ಅತ್ಯಂತ ಬಲವಾದ ಆಧಾರ ಕೊರ್ನೇಲ್ಯನ ಮನೆ (10:44–47). ಅನ್ಯಜನರು ಭಾಷೆಗಳನ್ನಾಡುವುದನ್ನು ಕೇಳಿಯೇ ಪೇತ್ರನ ಸಂಗಡಿಗರು ಆತ್ಮನು ಇಳಿದನೆಂದು ತಿಳಿದುಕೊಂಡರು. ಇದನ್ನು ನಾವು ಅಲ್ಲಗಳೆಯಲಾರೆವು. ಆದರೆ ಅಲ್ಲಿದ್ದ ಪ್ರಶ್ನೆ ಯಾವುದು? ಸುನ್ನತಿಯಿಲ್ಲದವರನ್ನು ದೇವರು ಅಂಗೀಕರಿಸಿದನೋ ಎಂಬುದು. ಆ ಗುರುತು ಸಂದೇಹಪಡುತ್ತಿದ್ದ ಯೆಹೂದ್ಯರಿಗಾಗಿ ಬಂತೇ ಹೊರತು ಪ್ರತಿಯೊಬ್ಬ ವಿಶ್ವಾಸಿಯನ್ನು ಅಳೆಯುವ ಅಳತೆಗೋಲಾಗಿ ಅಲ್ಲ. ಪಂಚಾಶತ್ತಮ ದಿನದಂದು ದೀಕ್ಷಾಸ್ನಾನ ಹೊಂದಿದ ಸುಮಾರು ಮೂರು ಸಾವಿರ ಜನರು ಭಾಷೆಗಳನ್ನಾಡಿದರೆಂದು ಲೂಕನು ಬರೆದಿಲ್ಲ (2:41). ಸಮಾರ್ಯದಲ್ಲಿ ಸೀಮೋನನು ಏನನ್ನೋ ಕಂಡನು, ನಿಜ. ಅದು ಏನೆಂದು ವಾಕ್ಯ ಹೇಳುವುದಿಲ್ಲ (8:18). ಮೌನದ ಮೇಲೆ ಸಿದ್ಧಾಂತವನ್ನು ಕಟ್ಟಬಾರದು.

ಕೊರಿಂಥದವರಿಗೆ ಬರೆಯುವಾಗ ಪೌಲನು ಎಲ್ಲರೂ ವಾಣಿಗಳನ್ನಾಡುವರೋ ಎಂದು ನೇರವಾಗಿ ಕೇಳುತ್ತಾನೆ (1 ಕೊರಿಂಥ 12:30). ಗ್ರೀಕ್ ಮೂಲದಲ್ಲಿ ಆ ಪ್ರಶ್ನೆ ‘ಮೇ’ ಎಂಬ ಅವ್ಯಯದಿಂದ ಆರಂಭವಾಗುವುದರಿಂದ ‘ಇಲ್ಲ’ ಎಂಬ ಉತ್ತರವನ್ನೇ ನಿರೀಕ್ಷಿಸುತ್ತದೆ. ಇಲ್ಲಿ ಹೇಳಿರುವುದು ‘ವರ’, ಕೃತ್ಯಗಳಲ್ಲಿರುವುದು ‘ಗುರುತು’ ಎಂದು ಪ್ರತಿವಾದಿಗಳು ವಿಭಾಗಿಸುತ್ತಾರೆ. ಈ ವಿಭಾಗ ಪೌಲನದೂ ಅಲ್ಲ, ಲೂಕನದೂ ಅಲ್ಲ. ಸಿದ್ಧಾಂತವನ್ನು ಉಳಿಸಿಕೊಳ್ಳಲು ಹೊರಗಿನಿಂದ ತಂದದ್ದು. ನಮ್ಮ ಹಳೆಯ ಕನ್ನಡ ಸತ್ಯವೇದವು ಕೃತ್ಯಗಳ 2ನೆಯ ಅಧ್ಯಾಯದಲ್ಲಿ ‘ಭಾಷೆ’ ಎಂದೂ ಕೊರಿಂಥ ಪತ್ರಿಕೆಯಲ್ಲಿ ‘ವಾಣಿ’ ಎಂದೂ ಹೇಳುತ್ತದೆ. ಮೂಲದಲ್ಲಿ ಎರಡು ಕಡೆಯೂ ಇರುವುದು ‘ಗ್ಲೋಸ್ಸ’ ಎಂಬ ಒಂದೇ ಪದ. ಆದರೂ ಅನುವಾದಕರು ಒಂದು ವ್ಯತ್ಯಾಸವನ್ನು ಸರಿಯಾಗಿಯೇ ಗಮನಿಸಿದ್ದಾರೆ. ಯೆರೂಸಲೇಮಿನಲ್ಲಿ ಕೇಳಿದವರು ತಮ್ಮ ತಮ್ಮ ಭಾಷೆಯಲ್ಲಿ ಗ್ರಹಿಸಿದರು. ಕೊರಿಂಥದಲ್ಲಿ ಅರ್ಥ ಹೇಳುವವನಿಲ್ಲದೆ ಯಾರಿಗೂ ತಿಳಿಯಲಿಲ್ಲ. ಗೋಡೆಗೆ ಗೋಡೆ ತಾಗಿದ ಮನೆಗಳ ನಡುವೆ ಕೂಡುವವರು, ಹೊರಗಿನವನು ಕೇಳಿ ಏನೆಂದಾನು ಎಂಬ ಪೌಲನ ಪ್ರಶ್ನೆಯನ್ನು (14:23) ನಮಗಿಂತ ಬೇಗನೆ ಅರ್ಥಮಾಡಿಕೊಳ್ಳಬೇಕಿತ್ತು.

ಈ ವಾದ ನಮ್ಮ ನಾಡಿಗೆ ಹೊಸದಲ್ಲ. ಕಾರ್ಕಳ ಸೀಮೆಯ ಮಾಳದ ಅನಂತಶಾಸ್ತ್ರಿ ಡೋಂಗ್ರೆಯವರ ಮಗಳು, 1858ರಲ್ಲಿ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿಯವರು ಪುಣೆಯ ಬಳಿಯ ಕೇಡಗಾಂವದಲ್ಲಿ ಮುಕ್ತಿ ಸದನವನ್ನು ನಡೆಸುತ್ತಿದ್ದರು. 1905ರಲ್ಲಿ ಅಲ್ಲಿ ಮಹಾ ಉಜ್ಜೀವನವಾಯಿತು. ಮುಂದೆ ಹಲವು ಹುಡುಗಿಯರು ಅನ್ಯಭಾಷೆಗಳನ್ನಾಡಿದರು. ರಮಾಬಾಯಿಯವರಿಗೆ ಆ ವರ ದೊರೆಯಲಿಲ್ಲ. ಆದರೂ ಅವರು ಅದನ್ನು ತಡೆಯಲಿಲ್ಲ, ಟೀಕಾಕಾರರ ಮುಂದೆ ಸಮರ್ಥಿಸಿದರು. ಅದೇ ವೇಳೆ, ಅದೊಂದೇ ಅವಶ್ಯವಾದ ಗುರುತೆಂದು ಹೇಳಲು ವಾಕ್ಯದ ಆಧಾರವಿಲ್ಲವೆಂದು 1907ರಲ್ಲಿ ತಮ್ಮ ಪತ್ರಿಕೆಯಲ್ಲಿ ಸ್ಪಷ್ಟವಾಗಿ ಬರೆದರು. ಉಜ್ಜೀವನದ ನಡುವೆಯೇ ನಿಂತು ಬರೆದ ಈ ಸಾಕ್ಷಿಗೆ ನಮ್ಮ ಗ್ರಂಥಾಲಯಗಳ ವ್ಯಾಖ್ಯಾನಗಳಿಗಿಂತ ಹೆಚ್ಚು ತೂಕವಿದೆಯೆಂದು ನಾವು ಎಣಿಸುತ್ತೇವೆ.

ನಮ್ಮ ಪಕ್ಷದ ತಪ್ಪನ್ನೂ ಮುಚ್ಚಿಡಲಾಗದು. ಸತ್ಯವೇದವು ಪೂರ್ಣಗೊಂಡಾಗಲೇ ವರಗಳು ನಿಂತುಹೋದವೆಂದು 1 ಕೊರಿಂಥ 13:10ರಿಂದ ವಾದಿಸುವವರು ನಮ್ಮಲ್ಲಿದ್ದಾರೆ. ಎರಡೇ ವಚನ ಮುಂದೆ ಪೌಲನು ಮುಖಾಮುಖಿ ನೋಡುವುದರ ಕುರಿತು ಹೇಳುತ್ತಾನೆ; ಅದು ಗ್ರಂಥವೊಂದರ ಪೂರ್ಣತೆಯಲ್ಲ. ವಾಣಿಗಳನ್ನಾಡುವುದನ್ನು ತಡೆಯಬೇಡಿರೆಂಬ ಆಜ್ಞೆಯೂ (14:39) ನಮಗೇ ಸೇರಿದ್ದು. ಆ ಯುವತಿ ಬೇರೆ ಕೂಟಕ್ಕೆ ಏಕೆ ಹೋದಳೆಂದು ನಾವು ಮೊದಲೇ ಕೇಳಲಿಲ್ಲ. ಅಲ್ಲಿ ಆಕೆಯ ತಾಯಿಯ ಕಾಯಿಲೆಗಾಗಿ ಹೆಸರು ಹಿಡಿದು ಪ್ರಾರ್ಥಿಸಿದ್ದರಂತೆ.

ನಾವು ಆಕೆಯೊಂದಿಗೆ ಕುಳಿತು 1 ಕೊರಿಂಥ 12:3ನ್ನು ಓದಿದೆವು. ಯೇಸುವನ್ನು ಕರ್ತನೆಂದು ಒಪ್ಪಿಕೊಳ್ಳುತ್ತೀಯೋ ಎಂದು ಕೇಳಿದೆವು. ಹೌದೆಂದಳು. ಪವಿತ್ರಾತ್ಮನಿಂದಲೇ ಹೊರತು ಯಾರೂ ಹಾಗೆ ಹೇಳಲಾರರೆಂದು ಅಪೊಸ್ತಲನೇ ಬರೆದಿದ್ದಾನಲ್ಲವೇ ಎಂದೆವು. ಮುಂದಿನ ಭಾನುವಾರ ಆಕೆ ರೊಟ್ಟಿಗಾಗಿ ಕೈ ಚಾಚಿದಳು. ಗುರುವಾರದ ಕೂಟಕ್ಕೆ ಈಗಲೂ ಹೋಗುತ್ತಾಳೆ. ಬೇಡವೆಂದು ನಾವು ಹೇಳಿಲ್ಲ.