ತೂಬು ಯಾವ ಕಡೆಗಿತ್ತು?

ಮಾವಳ್ಳಿಯಲ್ಲಿ ಟ್ಯಾಂಕ್ ಬಂಡ್ ರಸ್ತೆ ಅಂತ ಒಂದು ರಸ್ತೆಯಿದೆ. ಕನ್ನಡದಲ್ಲಿ ಹೇಳುವುದಾದರೆ ಕೆರೆ ಏರಿ ರಸ್ತೆ. ಕಲಾಸಿಪಾಳ್ಯದ ಲಾರಿಗಳು, ಆಟೋಗಳು, ಸಾಮಾನು ಹೊತ್ತ ಹಮಾಲರು ದಿನವೆಲ್ಲ ಅಲ್ಲಿ ಓಡಾಡುತ್ತಾರೆ. ಏರಿಯ ಹೆಸರಿದೆ, ಕೆರೆಯಿಲ್ಲ. ಕಣ್ಣು ತೋರಿಸಲು ಊರಿಂದ ಬಂದಿದ್ದ ನನ್ನ ತಾತನನ್ನು ಆ ದಾರಿಯಲ್ಲಿ ಕರೆದುಕೊಂಡು ಹೋಗುವಾಗ ಬೋರ್ಡು ಓದಿ ಅರ್ಥ ಹೇಳಿದೆ. ತಾತ ನಡುರಸ್ತೆಯಲ್ಲೇ ನಿಂತುಬಿಟ್ಟ. 'ಏರಿ ಅಂದ್ಮೇಲೆ ತೂಬು ಇರ್ಬೇಕಲ್ಲ. ತೂಬು ಯಾವ ಕಡೆಗಿತ್ಲಾ?' ಎಂದ. ಹಿಂದಿನಿಂದ ಲಾರಿಯವನು ಹಾರನ್ ಹೊಡೆಯುತ್ತಿದ್ದ. ನಮ್ಮ ಮನೆಯಲ್ಲಿ ಮೊದಲ ಸಲ ಡಿಗ್ರಿ ಮಾಡಿದವನು ನಾನು. ನನ್ನ ಬಾಯಲ್ಲಿ ಮಾತು ಹೊರಡಲಿಲ್ಲ.

ತಾತ ಮಾಲೂರು ಕಡೆಯ ಒಂದು ಕೆರೆಯ ನೀರುಗಂಟಿ. ಅವನ ಅಪ್ಪನೂ ನೀರುಗಂಟಿ. ವಂಶಪಾರಂಪರ್ಯದ ಹಳ್ಳಿ ಚಾಕರಿಗಳನ್ನೆಲ್ಲ 1961ರ ಕಾಯ್ದೆ ರದ್ದು ಮಾಡಿತು. ಆದರೆ ಆ ಕಾಯ್ದೆ ಕೆರೆಗೆ ಗೊತ್ತಾಗಲಿಲ್ಲ; ನೀರು ನಿಲ್ಲುವ ತನಕ ತಾತ ತೂಬು ಎತ್ತಿದ, ಇಳಿಸಿದ. ಯಾರ ಗದ್ದೆಗೆ ಎಷ್ಟು ಹೊತ್ತು ನೀರು, ಬರ ಬಂದರೆ ಮೊದಲು ಯಾರಿಗೆ ಕಡಿತ, ಕೋಡಿ ಬಿದ್ದರೆ ಏರಿಯ ಯಾವ ಜಾಗ ಮೆತ್ತಗಾಗುತ್ತೆ, ಎಲ್ಲ ಅವನ ತಲೆಯಲ್ಲಿತ್ತು. ಸುಗ್ಗಿಯಲ್ಲಿ ಕಣದ ಹೊರಗೆ ನಿಂತು ಆಯ ಈಸಿಕೊಳ್ಳುತ್ತಿದ್ದ. ಇಡೀ ಅಚ್ಚುಕಟ್ಟಿನ ನೀರು ಅವನ ಕೈಯಲ್ಲಿತ್ತು. ಬಾಯಾರಿದರೆ ಮಾತ್ರ ಊರಬಾವಿಯ ಹತ್ತಿರ ಬೊಗಸೆ ಒಡ್ಡಬೇಕು, ಮೇಲಿನಿಂದ ಯಾರಾದರೂ ಹೊಯ್ಯಬೇಕು.

ಈ ಲೇಖನಕ್ಕೆ ತಾತನ ಪ್ರಶ್ನೆಯೇ ಕಾರಣ. ಬೆಂಗಳೂರಿನ ನೀರು, ನೆಲ, ಕಲ್ಲುಗಳ ಚರಿತ್ರೆಯಾಗಿ ನಮ್ಮ ಕೈಗೆ ಬಂದಿರುವುದು ಬಹುಪಾಲು ದೇವರ ಕಥೆಗಳು. ಅವನ್ನು ಇಬ್ಬರು ಓದುತ್ತಾರೆ. ಒಬ್ಬ ಭಕ್ತ, ಕೈಮುಗಿದು ಓದುತ್ತಾನೆ. ಇನ್ನೊಬ್ಬ ನಮ್ಮವನೇ, ವಿಚಾರವಾದಿ. ಮೂಢನಂಬಿಕೆ ಅಂತ ಹೇಳಿ ಪುಸ್ತಕ ಮುಚ್ಚುತ್ತಾನೆ. ಇಬ್ಬರೂ ತೂಬು ಹುಡುಕುವುದಿಲ್ಲ. ಭಕ್ತನ ಜೊತೆಗಿನ ಜಗಳ ಹಳೆಯದು, ಅದು ನಡೆಯುತ್ತಲೇ ಇರಲಿ. ಇವತ್ತು ನನ್ನ ತಕರಾರು ನಮ್ಮವರ ಮೇಲೆ.

ಮಾವಳ್ಳಿಯ ಹೆಸರಿರುವ ಕಥೆಯನ್ನೇ ತೆಗೆದುಕೊಳ್ಳೋಣ. ಬಸವನಗುಡಿಯ ದೊಡ್ಡ ಬಸವಣ್ಣನ ಕಥೆ ನಿಮಗೆಲ್ಲ ಗೊತ್ತು. ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿ, ದಾಸರಹಳ್ಳಿಯ ರೈತರು ಕಡಲೆಕಾಯಿ ಬೆಳೆಯುತ್ತಿದ್ದರು. ರಾತ್ರಿಯಾದರೆ ಒಂದು ಬಸವ ಬಂದು ಬೆಳೆ ತಿಂದುಹೋಗುತ್ತಿತ್ತು. ರೈತರು ಕಾದು ಕೂತರು, ಬಡಿಗೆ ಹಿಡಿದು ಅಟ್ಟಿಸಿಕೊಂಡು ಹೋದರು. ಅದು ಗುಡ್ಡದ ಮೇಲೆ ಕಲ್ಲಾಗಿ ಕೂತಿತು. ಕಲ್ಲಾದ ಮೇಲೂ ಬೆಳೆಯತೊಡಗಿತು, ತಲೆಯ ಮೇಲೆ ತ್ರಿಶೂಲ ನಾಟಿದ ಮೇಲೆ ನಿಂತಿತು. ತಪ್ಪಾಯಿತು ಅಂತ ರೈತರು ಗುಡಿ ಕಟ್ಟಿದರು. ವರ್ಷದ ಮೊದಲ ಫಸಲು ನಿನಗೇ ಎಂದು ಒಪ್ಪಿಕೊಂಡರು. ಇವತ್ತಿಗೂ ಕಾರ್ತೀಕದ ಕಡೆಯ ಸೋಮವಾರ ಕಡಲೆಕಾಯಿ ಪರಿಷೆ. ಒಬ್ಬೊಬ್ಬರ ಬಾಯಲ್ಲಿ ಕಥೆ ಒಂದೊಂದು ಥರ. ಎಲ್ಲದರಲ್ಲೂ ಬೆಳೆ ತಿಂದವನು ದೇವರು, ಬೆಳೆದವನು ಪಾಪಿ.

ನನ್ನ ಕವಿಮಿತ್ರನೊಬ್ಬ ಪರಿಷೆಯಲ್ಲಿ ನನ್ನ ಜೊತೆ ಕಡಲೆಕಾಯಿ ಬಿಡಿಸಿ ತಿನ್ನುತ್ತಲೇ ಈ ಕಥೆಯನ್ನು ಒಂದು ನಿಮಿಷದಲ್ಲಿ ಹೊಡೆದುಹಾಕಿದ. ಕಡಲೆಕಾಯಿ ದಕ್ಷಿಣ ಅಮೆರಿಕದ ಗಿಡ. ಪೋರ್ಚುಗೀಸರು ಸಮುದ್ರ ದಾಟಿ ಬಂದಮೇಲೆ, 16ನೇ ಶತಮಾನದ ನಂತರ ಈ ಕಡೆ ಬಂದದ್ದು. ಬೆಂಗಳೂರು ಕೋಟೆ ಕಟ್ಟಿದ್ದು 1537ರಲ್ಲಿ ಅನ್ನುತ್ತಾರೆ. ಹಾಗಾದರೆ ಅನಾದಿ ಕಾಲದ ಬಸವ ಯಾವ ಕಡಲೆಕಾಯಿ ತಿಂದ? ಮಿತ್ರನ ಮಾತು ಸರಿ. ಕೇಳಿ ನಾನೂ ನಕ್ಕೆ. ಆದರೆ ಅವನು ಅಲ್ಲಿಗೇ ನಿಲ್ಲಿಸಿದ. ನನಗೆ ಅನ್ನಿಸಿದ್ದು, ಕಥೆ ಶುರುವಾಗಬೇಕಾದದ್ದೇ ಅಲ್ಲಿಂದ.

ಅನಾದಿ ಅನ್ನುವ ಮಾತು ನಮಗೆ ಸಣ್ಣದಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ಮಹಾಡ್‌ನ ಚೌದಾರ್ ಕೆರೆಗಿಳಿದು ನೀರು ಕುಡಿದರು. ಅದು ಪುರಸಭೆಯ ಕೆರೆ. ಸವರ್ಣೀಯರು ಸಗಣಿ, ಗಂಜಳ, ಮಂತ್ರ ಹಾಕಿ ಕೆರೆಯನ್ನು ಶುದ್ಧಿ ಮಾಡಿದರು, ಆಮೇಲೆ ಕೋರ್ಟಿಗೂ ಹೋದರು. ಅಸ್ಪೃಶ್ಯರು ಆ ನೀರು ಮುಟ್ಟದಿರುವುದು ಅನಾದಿಯ ರೂಢಿ ಅಂತ ವಾದ. ಹತ್ತು ವರ್ಷ ಎಳೆದಾಡಿದ ಮೇಲೆ 1937ರಲ್ಲಿ ಮುಂಬೈ ಹೈಕೋರ್ಟು, ಅನಾದಿ ಅನ್ನುವುದನ್ನು ನೀವು ಸಾಬೀತು ಮಾಡಿಲ್ಲ ಎಂದು ಅವರ ವಾದ ತಳ್ಳಿಹಾಕಿತು. ರೂಢಿಗೆ ಒಂದು ತಾರೀಖು ಹಚ್ಚಿದರೆ ಅದರ ದೇವತ್ವ ಅರ್ಧ ಇಳಿಯುತ್ತದೆ. ಕಡಲೆಕಾಯಿ ಅಂಥದೊಂದು ತಾರೀಖು. ಹೊರಗಿಂದ ಹೊಸ ಬೆಳೆ ಬಂತು, ಕೆಂಪು ಮಣ್ಣಿನ ಖುಷ್ಕಿ ಹೊಲಕ್ಕೆ ಹಿಡಿಸಿತು, ಕೈಗೆ ನಾಲ್ಕು ಕಾಸು ತಂದಿತು. ಬೆಳೆ ಬಂದ ಹಿಂದೆಯೇ ಅದರಲ್ಲಿ ದೇವರಿಗೆ ಮೊದಲ ಪಾಲು ಅನ್ನುವ ಕಥೆಯೂ ಬಂತು. ಹಳೆಯ ಬಸವ ಹೊಸ ಬೆಳೆಗೆ ಬಾಯಿ ಹಾಕಿದ. ಇದನ್ನು ಮೂಢನಂಬಿಕೆ ಅಂತ ಕರೆದರೆ ಕಥೆ ಬಚಾವಾಗುತ್ತದೆ. ಹಕ್ಕುಪತ್ರ ಅಂತ ಓದಿದರೆ ಸಿಕ್ಕಿಬೀಳುತ್ತದೆ.

ಹಳ್ಳಿಯಲ್ಲಿ ಬೆಳೆದವರಿಗೆ ಈ ಬಸವ ಹೊಸಬನಲ್ಲ. ದೇವರ ಹೆಸರಲ್ಲಿ ಬಿಟ್ಟ ಗೂಳಿ ಯಾರ ಹೊಲಕ್ಕಾದರೂ ನುಗ್ಗಬಹುದು, ಯಾರೂ ಹೊಡೆಯುವಂತಿಲ್ಲ. ಹತ್ತು ಎಕರೆಯವನ ಹೊಲದಲ್ಲಿ ನಾಲ್ಕು ಬಾಯಿ ತಿಂದರೆ ಅದು ಪುಣ್ಯ. ಅರ್ಧ ಎಕರೆಯವನ ಹೊಲದಲ್ಲಿ ತಿಂದರೆ ಆ ವರ್ಷದ ಗಂಜಿ ಹೋಯಿತು. ಇನ್ನೊಂದು ವಿಷಯ. ರಾತ್ರಿ ಹೊಲ ಕಾಯುವವನು ಯಾರು? ಹೊಲದ ಯಜಮಾನನೇ ಚಳಿಯಲ್ಲಿ ಗುಡಿಸಲು ಹಾಕಿ ಮಲಗಿದ್ದನ್ನು ನಮ್ಮ ಕಡೆ ಕಂಡವರು ಕಡಿಮೆ. ಜೀತದ ಹುಡುಗ, ತಳವಾರ, ತೋಟಿ ಕಾದಿರುತ್ತಾರೆ. ಬಡಿಗೆ ಬೀಸಿದ ಆ ಕೈ ಯಾರದು ಅಂತ ಕಥೆ ಹೇಳುವುದಿಲ್ಲ, 'ರೈತರು' ಅಂತ ಒಂದೇ ಮಾತಿನಲ್ಲಿ ಮುಗಿಸುತ್ತದೆ. ದೇವರನ್ನು ಹೊಡೆದವನ ಗತಿ ಏನಾಯಿತು ಅನ್ನುವುದನ್ನೂ ಹೇಳುವುದಿಲ್ಲ. ನಾವು ಕವಿಗಳು ಬರೆಯಬೇಕಾದ ಪದ್ಯ ಅಲ್ಲಿದೆ. ನಾವೋ ತ್ರಿಶೂಲದ ಬಗ್ಗೆ ವ್ಯಂಗ್ಯ ಬರೆಯುತ್ತಾ ಕೂತಿದ್ದೇವೆ.

(1973ರಲ್ಲಿ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದಾಗ ಆದ ಗಲಾಟೆ ನಮಗೆಲ್ಲ ಗೊತ್ತು, ಮಂತ್ರಿಪದವಿಯೇ ಹೋಯಿತು. ಬಸವಣ್ಣನಿಗೆ ಕಡಲೆಕಾಯಿ ಹಾಕಿ ನಮಗೆ ಬೂಸಾ ಹಾಕಿದ್ದನ್ನು ಅವರು ಇದ್ದಂತೆ ಹೇಳಿದರು, ಅಷ್ಟೆ.)

ಇದೇ ಬಸವನ ಪಾದದಲ್ಲಿ ಒಂದು ಹೊಳೆ ಹುಟ್ಟಿತು ಅನ್ನುತ್ತಾರೆ. ವೃಷಭಾವತಿ. ಬೆಂಗಳೂರಿಗೆ ಹೇಳಿಕೊಳ್ಳುವಂಥ ದೊಡ್ಡ ಹೊಳೆಯಿಲ್ಲ. ಸುಮಾರು 900 ಮೀಟರು ಎತ್ತರದ ದಿಣ್ಣೆಯ ಮೇಲೆ ಕೂತ ಊರು. ಮಾವಳ್ಳಿಯ ಪಕ್ಕದ ಲಾಲ್‌ಬಾಗ್ ಬಂಡೆಗೆ 300 ಕೋಟಿ ವರ್ಷ ವಯಸ್ಸು ಅಂತ ಭೂವಿಜ್ಞಾನದವರು ಅಲ್ಲಿ ಫಲಕ ಹಾಕಿದ್ದಾರೆ. ಇಂಥ ನೆಲದ ಮೇಲೆ ಬಿದ್ದ ಮಳೆ ನಿಲ್ಲುವುದಿಲ್ಲ. ಪಡುವಣಕ್ಕೆ ಬಿದ್ದದ್ದು ಅರ್ಕಾವತಿ ಸೇರುತ್ತದೆ, ಮೂಡಣಕ್ಕೆ ಬಿದ್ದದ್ದು ದಕ್ಷಿಣ ಪಿನಾಕಿನಿ. ಅಡ್ಡಗಟ್ಟಿ ನಿಲ್ಲಿಸಿದರೆ ಮಾತ್ರ ನೀರು. ಹಾಗಾಗಿ ಕೆರೆಯ ಕೆಳಗೆ ಕೆರೆ, ಒಂದರ ಕೋಡಿ ನೀರು ಇನ್ನೊಂದಕ್ಕೆ. ಕಲ್ಲು ಒಡೆದವರು, ಮಣ್ಣು ಹೊತ್ತವರು ಭೋವಿಗಳು, ನಮ್ಮ ಹೊಲೆಮಾದಿಗರು. ಪಾಠಪುಸ್ತಕ ಇದೆಲ್ಲಕ್ಕೂ 'ಕೆಂಪೇಗೌಡರು ಕೆರೆಗಳನ್ನು ಕಟ್ಟಿಸಿದರು' ಅನ್ನುವ ಒಂದು ವಾಕ್ಯ ಕೊಟ್ಟಿದೆ. ಆ ವಾಕ್ಯದ 'ಇಸು' ಪ್ರತ್ಯಯದೊಳಗೆ ನಮ್ಮವರು ಹೂತುಹೋಗಿದ್ದಾರೆ.

1894ರಲ್ಲಿ ಹೆಸರಘಟ್ಟದಿಂದ ಕೊಳಾಯಿ ನೀರು ಬಂತು. ನಾಲ್ಕು ವರ್ಷಕ್ಕೆ, 1898ರಲ್ಲಿ, ಪ್ಲೇಗು ಬಂತು. ಊರ ಹೊರಗೆ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಎದ್ದವು. ಎರಡಕ್ಕೂ ಗುಡಿಯ ಹೆಸರೇ. ಗಾಳಿ ಬೆಳಕು ನೋಡಿ ರಸ್ತೆ ಎಳೆದರು, ಜಾತಿ ನೋಡಿ ಸೈಟು ಹಂಚಿದರು. 1933ರಲ್ಲಿ ತಿಪ್ಪಗೊಂಡನಹಳ್ಳಿ, 1974ರಲ್ಲಿ ಕಾವೇರಿ. ನೂರು ಕಿಲೋಮೀಟರು ದೂರದಿಂದ ಗುಡ್ಡ ಹತ್ತಿಸಿ ನೀರು ತರಲು ಕಲಿತ ಊರಿಗೆ ಕಾಲಕೆಳಗಿನ ಕೆರೆ ಬೇಡವಾಯಿತು. ಬೇಡವಾದ ಕೆರೆ ಖಾಲಿ ಸೈಟು. ಧರ್ಮಾಂಬುಧಿ ಕೆರೆಯಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣ ಎದ್ದಿತು, ಸಂಪಂಗಿ ಕೆರೆಯಲ್ಲಿ ಕಂಠೀರವ ಸ್ಟೇಡಿಯಂ. ಸಂಪಂಗಿ ಕೆರೆಯ ನೀರಿನಲ್ಲಿ ತರಕಾರಿ, ಹೂವು ಬೆಳೆಯುತ್ತಿದ್ದವರು ತಿಗಳರು. ಅವರ ಕರಗಕ್ಕೆ ಬೇಕು ಅಂತ ಒಂದು ಸಣ್ಣ ಹೊಂಡ ಉಳಿಸಿದ್ದಾರೆ. ಚೈತ್ರದ ಹುಣ್ಣಿಮೆಗೆ ಇಡೀ ಬೆಂಗಳೂರು ಕರಗ ನೋಡುತ್ತದೆ, ಹೂವು ಎರಚುತ್ತದೆ, ಮಸ್ತಾನ್ ಸಾಹೇಬರ ದರ್ಗಾಕ್ಕೆ ಕರಗ ಹೋಗುವುದನ್ನು ಕಂಡು ಸೌಹಾರ್ದ ಅನ್ನುತ್ತದೆ. ನನಗೂ ಅದು ಇಷ್ಟವೇ. ಆದರೆ ಆಚರಣೆಯನ್ನು ಉಳಿಸಿಕೊಟ್ಟು ತೋಟವನ್ನು ಕಿತ್ತುಕೊಂಡ ಲೆಕ್ಕವನ್ನು ಅವತ್ತು ಯಾರೂ ಓದುವುದಿಲ್ಲ.

ಇನ್ನು ವೃಷಭಾವತಿ. ದೇವರ ಹೆಸರಿನ ಹೊಳೆಗೆ ಊರಿನ ಕಕ್ಕಸು, ಕಾರ್ಖಾನೆಯ ಕೊಳಚೆ ಎಲ್ಲವನ್ನೂ ಬಿಟ್ಟರು. ಅದು ಬಿಡದಿಯ ಹತ್ತಿರ ಬೈರಮಂಗಲ ಕೆರೆಗೆ ನೊರೆಯಾಗಿ ಬೀಳುತ್ತದೆ; ಅಲ್ಲಿನ ಅಚ್ಚುಕಟ್ಟಿನವರು ಅದರಲ್ಲೇ ಬೆಳೆಯಬೇಕು. ಹುಟ್ಟಿದ ಜಾಗದಲ್ಲಿ ತೀರ್ಥ, ಮುಂದೆ ಚರಂಡಿ. ಆ ಚರಂಡಿ ಕಟ್ಟಿಕೊಂಡಾಗ ಮ್ಯಾನ್‌ಹೋಲಿಗೆ ಇಳಿಯುವವನ ಜಾತಿಯನ್ನು ನಾನು ಇಲ್ಲಿ ಹೇಳಬೇಕಾಗಿಲ್ಲ. ಮಲ ಹೊರುವುದನ್ನು ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗಲೇ ನಿಲ್ಲಿಸಹೊರಟರು. 1993ರಲ್ಲೊಂದು, 2013ರಲ್ಲೊಂದು ಕಾನೂನು ಬಂತು. ಇಳಿಯುವುದು, ಸಾಯುವುದು ನಿಂತಿಲ್ಲ. ಅನಾದಿ ಕಾಲದಿಂದ ಎಂದು ನೀರಿನ ಹತ್ತಿರ ಬಿಡದವರನ್ನು ಆ ನೀರು ಕೊಳೆತ ಮೇಲೆ ಕರೆದು ಒಳಗಿಳಿಸುವುದಕ್ಕೆ ಮಾತ್ರ ಯಾವ ಶಾಸ್ತ್ರವೂ ಅಡ್ಡಬರಲಿಲ್ಲ.

ಕಡೆಗೆ ಒಂದು ಹಾಡಿನ ವಿಷಯ. 'ಕೆರೆಗೆ ಹಾರ' ನಮಗೆ ಕಾಲೇಜಿನಲ್ಲಿ ಪಾಠವಾಗಿತ್ತು. ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ, ನೀರು ಬರುವುದಿಲ್ಲ. ಹೊತ್ತಿಗೆ ತೆಗೆಸಿ ಕೇಳಿದರೆ ಸೊಸೆಯನ್ನು ಕೊಡಬೇಕು ಅಂತ ಬರುತ್ತದೆ. ಹಿರಿಯ ಸೊಸೆ ಹೋದರೆ ಮನೆತನ ನಡೆಸುವವರಿಲ್ಲ, ಕಿರಿಯ ಸೊಸೆ ಭಾಗೀರಥಿ ಆಗಲಿ ಅಂತ ತೀರ್ಮಾನ. ಅವಳು ತವರಿಗೆ ಹೋಗಿಬರುತ್ತಾಳೆ, ಪೂಜೆಗೆ ಹೋಗುತ್ತಾಳೆ, ಮರೆತುಬಂದ ಬಂಗಾರದ ಬಟ್ಟಲು ತರಲು ಅವಳನ್ನೇ ಕಳಿಸುತ್ತಾರೆ. ಒಂದೊಂದು ಮೆಟ್ಟಿಲಿಗೂ ನೀರು ಏರುತ್ತದೆ. ದಂಡಿನಿಂದ ಓಡಿಬಂದ ಗಂಡ ಅದೇ ಕೆರೆಗೆ ಹಾರುತ್ತಾನೆ. ಮೇಷ್ಟ್ರು ಕಣ್ಣೊರೆಸಿಕೊಂಡು ತ್ಯಾಗ ಅಂದರು. ಕೊಲೆ ಅಲ್ಲವೇ ಸಾರ್ ಅಂತ ಒಬ್ಬಳು ಹುಡುಗಿ ಎದ್ದು ಕೇಳಿದಳು. ಆ ಹುಡುಗಿಯ ಪ್ರಶ್ನೆ ನಮ್ಮ ಸಾಹಿತ್ಯ ವಿಮರ್ಶೆಯ ಎಷ್ಟೋ ಪುಟಗಳಿಗಿಂತ ಮೇಲು.

ಆ ರಜೆಯಲ್ಲಿ ಹಾಡಿನ ಕಥೆಯನ್ನು ತಾತನಿಗೆ ಹೇಳಿದೆ. ಬೀಡಿ ಆರಿಹೋಗಿತ್ತು, ಮತ್ತೆ ಹಚ್ಚಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಕೇಳಿದ: 'ಆ ಕೆರೆಗೆ ಕಾಲುವೆ ಎಲ್ಲಿಂದ ಬರ್ತಿತ್ತಂತೆ?' ಹಾಡಿನಲ್ಲಿಲ್ಲ ಅಂದೆ. 'ಮಳೆ ಬಿದ್ದೂ ಕೆರೆ ತುಂಬ್ಲಿಲ್ಲ ಅಂದ್ರೆ ಮೇಲ್ಗಡೆ ಕಾಲುವೆ ಯಾರೋ ಮುರ್ದವ್ರೆ, ಇಲ್ಲಾ ಹೂಳು ಕಟ್ಟದೆ. ಹೋಗಿ ನೋಡ್ಬೇಕಾಗಿತ್ತು. ಆ ಊರಾಗೆ ನೀರುಗಂಟಿ ಇರ್ಲಿಲ್ವಾ?'

ನಾನು ಓದಿದ ವಿಮರ್ಶೆಯಲ್ಲಿ ಭಾಗೀರಥಿಯ ಸಾವಿಗೆ ಇಷ್ಟು ನೇರವಾದ ತಕರಾರು ಸಿಕ್ಕಿಲ್ಲ. ಹೊತ್ತಿಗೆ ಬಲ್ಲವನನ್ನು ಕೇಳಿದರು, ನೀರು ಬಲ್ಲವನನ್ನು ಕೇಳಲಿಲ್ಲ. ಕೇಳಬೇಕಾದರೆ ಅವನನ್ನು ಜಗಲಿಯ ಹತ್ತಿರ ಕರೆಯಬೇಕಾಗುತ್ತಿತ್ತು. ಆ ಹುಡುಗಿ ಸತ್ತದ್ದಕ್ಕೂ ನೀರುಗಂಟಿಯನ್ನು ಜಗಲಿಯಿಂದ ದೂರ ನಿಲ್ಲಿಸಿದ್ದಕ್ಕೂ ಸಂಬಂಧವಿದೆ ಅಂತ ನನಗೆ ಅವತ್ತು ಹೊಳೆಯಿತು.

ಹಾಗಂತ ತಾತ ನಾಸ್ತಿಕ ಅಂತ ತಿಳಿಯಬೇಡಿ. ಪ್ರತಿವರ್ಷ ತೂಬು ಎತ್ತುವ ಮೊದಲು ಏರಿಯ ಮೇಲಿನ ಗಂಗಮ್ಮನಿಗೆ ಕಾಯಿ ಒಡೆಯುತ್ತಿದ್ದವನು ಅವನೇ. ನಾನು ಬಿ.ಎ. ಓದುವಾಗ ಒಮ್ಮೆ ಅದನ್ನು ಹಂಗಿಸಿದ್ದೆ. 'ನೀನು ನೀರೊಳಕ್ಕೆ ಮುಳುಗಿ ತೂಬಿನ ಬಾಯಿಗೆ ಕೈ ಹಾಕು, ಆಮೇಲೆ ಮಾತಾಡು' ಅಂದಿದ್ದ. ಕತ್ತಲ ನೀರಿಗೆ ಉಸಿರು ಕಟ್ಟಿ ಇಳಿಯುವವನ ಗಂಗಮ್ಮನೂ ಕಲ್ಲಿನ ಮಂಟಪದಲ್ಲಿ ಕೂತು ಮೊದಲ ಫಸಲು ಕೇಳುವ ದೇವರೂ ಒಂದೇ ಅಂತ ನಮ್ಮ ವಿಚಾರವಾದ ಹೇಳುವುದಾದರೆ, ಆ ವಿಚಾರವಾದ ಕೆರೆಗಿಳಿದಿಲ್ಲ ಅಂತಲೇ ಅರ್ಥ.

ತಾತನ ಕಣ್ಣಿಗೆ ಆಪರೇಷನ್ ಆಯಿತು. ಊರಿಗೆ ಹೊರಡುವ ದಿನ ಮತ್ತೆ ಆ ರಸ್ತೆಗೇ ಕರೆದುಕೊಂಡು ಹೋಗು ಅಂದ. ಕಪ್ಪು ಕನ್ನಡಕ ಹಾಕಿಕೊಂಡು, ರಸ್ತೆ ಎತ್ತ ಇಳಿಜಾರಾಗುತ್ತೆ ಅಂತ ನೋಡುತ್ತಾ, ಕಾಲಿನಲ್ಲೇ ಅಳೆದವನ ಹಾಗೆ ನಡೆದ. ಒಂದು ಟೈರ್ ಅಂಗಡಿಯ ಮುಂದೆ ನಿಂತು ಕೋಲು ಊರಿ 'ಇಲ್ಲೇ ಇದ್ದಿರ್ಬೇಕು' ಅಂದ. ಅಂಗಡಿಯವನು ಹೊರಗೆ ಬಂದು ಏನು ಬೇಕು ಯಜಮಾನ್ರೆ ಅಂತ ಕೇಳಿದ.

ನಿಮ್ಮ ಊರಿನ ಕೆರೆಗೆ ಇಂಥ ಕಥೆಯಿದ್ದರೆ ಪತ್ರಿಕೆಗೆ ಬರೆದು ಕಳಿಸಿ. ದೇವರ ಹೆಸರು ಬರೆಯಿರಿ, ಕಟ್ಟಿಸಿದವನ ಹೆಸರೂ ಇರಲಿ. ತೂಬು ಎತ್ತುತ್ತಿದ್ದವನ ಹೆಸರನ್ನು ಮಾತ್ರ ಯಾರನ್ನಾದರೂ ಕೇಳಿ ತಿಳಿದುಕೊಂಡು, ತಪ್ಪಿಲ್ಲದೆ ಬರೆಯಿರಿ.