ಕಂಡವನ ಮಾತು: ‘ಕರ್ವಾಲೊ’ ಕಾದಂಬರಿಯ ಓತಿಯನ್ನು ಕುರಿತು

ಶ್ರೀರಂಗಪಟ್ಟಣಕ್ಕೆ ಸಮೀಪದ ಬಾಬುರಾಯನಕೊಪ್ಪಲಿನಂತಹ ಊರಿನಲ್ಲಿ, ರಾತ್ರಿ ಕಬ್ಬಿನ ಗದ್ದೆಗೆ ನೀರು ಕಟ್ಟಲು ಹೋದ ರೈತನೊಬ್ಬನು ಹಿಂದಿರುಗಿ ಬಂದು ಚಿರತೆಯನ್ನು ಕಂಡೆನೆಂದು ಹೇಳಿದನೆಂದು ಭಾವಿಸೋಣ. ಮನೆಯವರು ನಂಬುತ್ತಾರೆ, ನೆರೆಯವರು ಅರ್ಧ ನಂಬುತ್ತಾರೆ, ಅರಣ್ಯ ಇಲಾಖೆಯವರು ಹೆಜ್ಜೆಯ ಗುರುತೆಲ್ಲಿ ಎಂದು ಕೇಳುತ್ತಾರೆ. ಇವರಲ್ಲಿ ಯಾರದೂ ತಪ್ಪಲ್ಲ. ಚಿರತೆ ಈ ಸೀಮೆಯಲ್ಲಿ ಇರತಕ್ಕ ಪ್ರಾಣಿಯೇ ಸರಿ. ಆದರೂ ಮಾತು ಸಾಕ್ಷ್ಯವೆನಿಸಬೇಕಾದರೆ ಕಂಡದ್ದೇನು ಎಂಬುದರಷ್ಟೇ ಕಂಡವನಾರು ಎಂಬುದೂ ಗಣನೆಗೆ ಬರುತ್ತದೆ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಕಾದಂಬರಿಯನ್ನು ಈ ಒಂದು ಪ್ರಶ್ನೆಯನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಒಂದು ಭೇದವನ್ನು ಗುರುತಿಸಬೇಕು. ನಮ್ಮ ರಾಜ್ಯಲಾಂಛನದಲ್ಲಿರುವ ಗಂಡಭೇರುಂಡವನ್ನು ಕಂಡವರಾರೆಂದು ಯಾರೂ ಕೇಳುವುದಿಲ್ಲ. ಬಳ್ಳಿಗಾವೆಯಲ್ಲಿ 1047ರಲ್ಲಿ ನಿಂತ ಸ್ತಂಭದ ಮೇಲೆ ಅದಕ್ಕೆ ಮನುಷ್ಯದೇಹವೂ ಎರಡು ಹಕ್ಕಿದಲೆಗಳೂ ಉಂಟು. ಲಾಂಛನದಲ್ಲಿ ಅದು ಪೂರ್ಣವಾಗಿ ಪಕ್ಷಿ. ರೂಪ ಬದಲಾದರೂ ಯಾರಿಗೂ ತೊಡಕಿಲ್ಲ, ಏಕೆಂದರೆ ಅದಕ್ಕೆ ಸಾಕ್ಷಿ ಬೇಕಾಗಿಲ್ಲ, ಅರ್ಥವಿದ್ದರೆ ಸಾಕು. ಆದರೆ ‘ಇಂಥ ಕಾಡಿನಲ್ಲಿ ಇಂಥದೊಂದನ್ನು ಕಂಡೆ’ ಎಂದು ಒಬ್ಬ ಮನುಷ್ಯನು ಹೇಳಿದ ಪ್ರಾಣಿಯ ಗತಿಯೇ ಬೇರೆ. ಅದರ ಇರವು ಆ ಮನುಷ್ಯನ ಮರ್ಯಾದೆಯೊಡನೆ ಗಂಟುಬಿದ್ದಿರುತ್ತದೆ. ತೇಜಸ್ವಿಯವರ ಹಾರುವ ಓತಿಯನ್ನು ಈ ಎರಡನೆಯ ವರ್ಗದಿಂದ ಮೊದಲನೆಯದಕ್ಕೆ ಎಳೆದು ತಂದು, ಅದನ್ನು ಬರಿಯ ಸಂಕೇತವನ್ನಾಗಿ ಓದುವ ಅಭ್ಯಾಸ ನಮ್ಮ ತರಗತಿಗಳಲ್ಲಿ ಬೇರೂರಿದೆ. ಓತಿಯೆಂದರೆ ಸತ್ಯ, ಓತಿಯೆಂದರೆ ವಿಶ್ವರಹಸ್ಯ ಎಂದು ವಿದ್ಯಾರ್ಥಿಗಳು ಉತ್ತರಪತ್ರಿಕೆಯಲ್ಲಿ ಬರೆಯುತ್ತಾರೆ. ನಾವೂ ಅಂಕ ಕೊಡುತ್ತೇವೆ. ಹಾಗೆ ಓದಿದಾಗ ಮಂದಣ್ಣನು ಕೃತಿಯಿಂದ ಮರೆಯಾಗಿಬಿಡುತ್ತಾನೆ ಎಂಬುದೇ ನಮ್ಮ ಆಕ್ಷೇಪ.

ಹೊರಜಗತ್ತಿನ ಎರಡು ಪ್ರಸಂಗಗಳು ಇಲ್ಲಿ ಉಪಯುಕ್ತವಾಗಿವೆ. ಸ್ಕಾಟ್‌ಲೆಂಡಿನ ನೆಸ್ ಸರೋವರದ ವಿಚಿತ್ರ ಜಂತುವಿನದೆಂದು 1934ರಲ್ಲಿ ಒಂದು ಛಾಯಾಚಿತ್ರ ಪ್ರಕಟವಾಯಿತು. ಅದನ್ನು ತಂದುಕೊಟ್ಟವನು ಲಂಡನ್ನಿನ ವೈದ್ಯನೊಬ್ಬನಾದುದರಿಂದ ಚಿತ್ರಕ್ಕೆ ‘ಶಸ್ತ್ರವೈದ್ಯನ ಛಾಯಾಚಿತ್ರ’ ಎಂದೇ ಹೆಸರಾಯಿತು, ಪದವಿಯೇ ಪ್ರಮಾಣವಾಯಿತು. ಅದು ಆಟಿಕೆಯ ಜಲಾಂತರ್ನೌಕೆಗೆ ತಲೆ ಕತ್ತು ಅಂಟಿಸಿ ತೆಗೆದ ಚಿತ್ರವೆಂಬುದು 1994ರ ವೇಳೆಗೆ ಲೋಕಕ್ಕೆಲ್ಲ ತಿಳಿಯಿತು. ಇನ್ನೊಂದು ಪ್ರಸಂಗ ಇದಕ್ಕೆ ತೀರ ವಿರುದ್ಧವಾದುದು. ಆರೇಳು ಕೋಟಿ ವರ್ಷಗಳ ಹಿಂದೆಯೇ ಅಳಿಯಿತೆಂದು ವಿದ್ವಾಂಸರು ತೀರ್ಮಾನಿಸಿದ್ದ ಸೀಲಕ್ಯಾಂತ್ ಮೀನು 1938ರಲ್ಲಿ ದಕ್ಷಿಣ ಆಫ್ರಿಕದ ಕರಾವಳಿಯಲ್ಲಿ ಬಲೆಗೆ ಬಿತ್ತು. ಎರಡನೆಯದಕ್ಕಾಗಿ ಹದಿನಾಲ್ಕು ವರ್ಷ ಹುಡುಕಾಟ ನಡೆದು, 1952ರಲ್ಲಿ ಕೊಮೊರೊ ದ್ವೀಪಗಳಲ್ಲಿ ಅದು ದೊರೆತಾಗ, ಅಲ್ಲಿನ ಬೆಸ್ತರಿಗೆ ಆ ಮೀನು ಮೊದಲೇ ಪರಿಚಿತವೆಂದೂ ಅದಕ್ಕೆ ಅವರ ನುಡಿಯಲ್ಲಿ ಗೊಂಬೆಸ್ಸ ಎಂಬ ಹೆಸರಿದೆಯೆಂದೂ ತಿಳಿದುಬಂತು. ಕೇಳಬೇಕಾದವರನ್ನು ಮೊದಲೇ ಕೇಳಿದ್ದರೆ!

ಮಂದಣ್ಣನು ಈ ಬೆಸ್ತರ ಸಾಲಿನವನು. ಜೇನಿನ ವಿಷಯದಲ್ಲಿ ನಿಪುಣ, ಕಾಡಿನಲ್ಲಿ ಅಲೆಯುವವನು, ಮದುವೆಗೂ ಒಂದು ಸಣ್ಣ ನೌಕರಿಗೂ ಹಂಬಲಿಸುವವನು. ಕಥೆ ಹೇಳುವ ಕೃಷಿಕನ ಕಣ್ಣಿಗೆ ಮೊದಮೊದಲು ಕೆಲಸಕ್ಕೆ ಬಾರದ ಹಳ್ಳಿಗ. ಹಾರುವ ಓತಿಯನ್ನು ಕಂಡೆನೆಂದು ಹೇಳಿದವನು ಇವನು. ವಿಜ್ಞಾನಿ ಕರ್ವಾಲೊ ಅವರ ಹಿರಿಮೆ ಅವರ ಪಾಂಡಿತ್ಯದಲ್ಲಿರುವುದಕ್ಕಿಂತ ಹೆಚ್ಚಾಗಿ, ಇವನ ಮಾತನ್ನು ಅವರು ನಂಬಿದರೆಂಬಲ್ಲಿದೆ. ಕಳ್ಳಭಟ್ಟಿಯ ಮೊಕದ್ದಮೆ ಕಾದಂಬರಿಯ ಓಟಕ್ಕೆ ಅಡ್ಡವೆಂದು ಕೆಲವರಿಗೆ ತೋರಬಹುದು. ನಮಗೆ ಹಾಗೆ ತೋರುವುದಿಲ್ಲ. ಪೊಲೀಸರ ಮುಂದೆ ಯಾವನ ಮಾತಿಗೆ ಬೆಲೆಯಿಲ್ಲವೋ ಅವನ ಮಾತನ್ನೇ ಜೀವಶಾಸ್ತ್ರವು ಆಧರಿಸಬೇಕಾಗಿದೆ. ಅವನು ಸೆರೆಗೆ ಹೋದರೆ ಓತಿಯೂ ಹೋದಂತೆ. ಈ ವ್ಯಂಗ್ಯವನ್ನು ತೇಜಸ್ವಿ ವ್ಯಾಖ್ಯಾನಿಸುವುದಿಲ್ಲ, ನಗುನಗುತ್ತ ಘಟನೆಯನ್ನಾಗಿ ನಡೆಸಿಬಿಡುತ್ತಾರೆ. ಅವರ ಹಾಸ್ಯವನ್ನು ಲಘುವೆಂದು ಎಣಿಸುವವರು ಈ ಭಾಗವನ್ನು ಮತ್ತೊಮ್ಮೆ ಓದುವುದು ಒಳ್ಳೆಯದು.

ಪ್ರಾಣಿಶಾಸ್ತ್ರವನ್ನು ಬಲ್ಲವರು ಒಂದು ಆಕ್ಷೇಪವನ್ನೆತ್ತಬಹುದು. ಹಾರುವ ಓತಿ ಪಶ್ಚಿಮಘಟ್ಟಗಳಲ್ಲಿ ಅಷ್ಟೇನೂ ಅಪೂರ್ವವಲ್ಲ. ಅಡಕೆ ತೋಟಗಳಲ್ಲಿ ಮರದಿಂದ ಮರಕ್ಕೆ ತೇಲಿಹೋಗುವುದನ್ನು ಕಂಡವರು ಅನೇಕರಿದ್ದಾರೆ. ಬಾಲವೂ ಸೇರಿ ಒಂದು ಗೇಣಿನಷ್ಟು ಉದ್ದ, ಪಕ್ಕೆಲುಬುಗಳು ಹೊರಚಾಚಿ ಹಿಡಿದ ಚರ್ಮವೇ ರೆಕ್ಕೆ, ಇರುವೆಗಳೇ ಆಹಾರ. ತೊಗಟೆಯ ಬಣ್ಣಕ್ಕೆ ಹೊಂದಿಕೊಂಡು ಕುಳಿತರೆ ಕೈಯಳತೆಯಲ್ಲಿದ್ದರೂ ಕಾಣದು. ಇಂಥ ಸಾಮಾನ್ಯ ಜೀವಿಗಾಗಿ ಇಷ್ಟು ದೊಡ್ಡ ಅನ್ವೇಷಣೆಯೇಕೆ? ಆಕ್ಷೇಪವು ವಾಸ್ತವವಾಗಿ ಸರಿಯಾದುದೇ. ಆದರೆ ಅದು ಕಾದಂಬರಿಯನ್ನು ಕೆಡಿಸುವುದರ ಬದಲು ನಮ್ಮ ವಾದವನ್ನೇ ಬಲಪಡಿಸುತ್ತದೆ. ಲೇಖಕರು ಇಲ್ಲದ ಮೃಗವೊಂದನ್ನು ಸೃಷ್ಟಿಸಬಹುದಾಗಿತ್ತು. ಬದಲಾಗಿ, ತೋಟದ ಆಳು ಕಂಡಿರಬಹುದಾದುದನ್ನೇ ಆರಿಸಿಕೊಂಡರು. ಅಪೂರ್ವವಾಗಿರುವುದು ಪ್ರಾಣಿಯಲ್ಲ, ಅದನ್ನು ಕಂಡವನನ್ನು ಕೇಳುವ ಕಿವಿ.

ದೋಷವಿಲ್ಲವೆಂದು ನಾವು ಹೇಳುವುದಿಲ್ಲ. ಕಾಡಿನ ಪ್ರಯಾಣ ಕೊನೆ ಮುಟ್ಟುತ್ತ ಬಂದಂತೆ ಕರ್ವಾಲೊ ಅವರ ಮಾತು ಗುರುವಾಣಿಯ ಧಾಟಿಯನ್ನು ಹಿಡಿಯುತ್ತದೆ. ಜೀವವಿಕಾಸದ ಚಿಂತನೆ ಬೆಳೆದು ನಿಂತಾಗ, ದಾರಿ ತೋರಿದ ಮಂದಣ್ಣನು ಗುಂಪಿನಲ್ಲೊಬ್ಬನಾಗುತ್ತಾನೆ. ಓತಿಯನ್ನು ಸಂಕೇತವಾಗಿ ಓದುವವರಿಗೆ ಆಸರೆ ದೊರೆಯುವುದು ಈ ಪುಟಗಳಲ್ಲಿಯೇ. ಆದರೆ ಓತಿಯು ಕೈಗೆ ಸಿಕ್ಕದೆ, ಕಣಿವೆಯ ಅಂಚಿನಿಂದ ತೇಲಿ ಹೋಗಿಬಿಡುವ ಮುಕ್ತಾಯವು ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿಕೊಡುತ್ತದೆ. ಹಿಂದಿರುಗುವಾಗ ವಿಜ್ಞಾನಿಯ ಕೈಯೂ ಬರಿದೇ. ಊರಿನವರ ಮುಂದೆ ಅವರಿಗೂ ಇನ್ನು ಉಳಿಯುವುದು ‘ನಾನು ಕಂಡೆ’ ಎಂಬ ಮಾತೊಂದೇ. ಕಾದಂಬರಿಯ ಆರಂಭದಲ್ಲಿ ಮಂದಣ್ಣನೊಬ್ಬನೇ ನಿಂತಿದ್ದ ಜಾಗಕ್ಕೆ ಈಗ ಎಲ್ಲರೂ ಬಂದು ನಿಂತಿದ್ದಾರೆ.

ಈ ಓತಿಗೆ ಶಾಸ್ತ್ರದಲ್ಲಿ ಡ್ರಾಕೋ ದುಸುಮಿಯೆರಿ ಎಂದು ಹೆಸರು. 1837ರಲ್ಲಿ ಫ್ರಾನ್ಸಿನ ದ್ಯುಮೆರಿಲ್ ಮತ್ತು ಬಿಬ್ರೋಂ ಎಂಬ ವಿದ್ವಾಂಸರು ಅದನ್ನು ವರ್ಣಿಸಿ, ಹಡಗಿನಲ್ಲಿ ದೇಶಸಂಚಾರ ಮಾಡಿದ ದುಸುಮಿಯೆ ಎಂಬ ವರ್ತಕನ ಹೆಸರನ್ನಿಟ್ಟರು. ನಮ್ಮ ಕರಾವಳಿಯಲ್ಲಿ ಮರ ಹತ್ತಿ ಅದನ್ನು ಹಿಡಿದವನ ಹೆಸರು ಅದರಲ್ಲಿಲ್ಲ.