ಸಿರಿಯಿಲ್ಲದ ಬ್ಯಾಟ್‌ಮ್ಯಾನ್, ತವರಿಲ್ಲದ ಡಯಾನಾ

ಬಂಗಲೆ, ಅದರಡಿಯ ಗವಿ, ಮುಗಿಯದ ಹಣ, ಕರೆದಾಗ ಬರುವ ಬಟ್ಲರ್ ಆಲ್ಫ್ರೆಡ್. ಬ್ಯಾಟ್‌ಮ್ಯಾನ್ ಎಂದರೆ ಇವೆಲ್ಲ ಸೇರಿದ ಮನುಷ್ಯ ಎಂದು ಎಂಟು ದಶಕಗಳಿಂದ ನಂಬಿಕೊಂಡು ಬಂದಿದ್ದೇವೆ. 2024ರ ಅಕ್ಟೋಬರ್‌ನಲ್ಲಿ ಡಿಸಿ ಕಾಮಿಕ್ಸ್ ಶುರುಮಾಡಿದ 'ಅಬ್ಸಲ್ಯೂಟ್' ಮಾಲೆ ಇದನ್ನೆಲ್ಲ ಕಿತ್ತುಕೊಂಡು, ಆಮೇಲೂ ಇವನು ಬ್ಯಾಟ್‌ಮ್ಯಾನೇ ಹೌದೋ ಎಂದು ಕೇಳುತ್ತದೆ. ಖಳ ಡಾರ್ಕ್‌ಸೈಡ್‌ನ ನೆರಳಲ್ಲಿ ರೂಪುಗೊಂಡ ಬೇರೊಂದು ಲೋಕ ಎಂಬುದು ಕಥೆಯೊಳಗಿನ ಕಾರಣ. ಓದುಗನಿಗೆ ಅದು ಅಷ್ಟೇನೂ ಮುಖ್ಯವಲ್ಲ. ಕಳೆದುಕೊಂಡದ್ದು ಆ ಪಾತ್ರದ ಮೈಯಲ್ಲಿ, ನಡೆಯಲ್ಲಿ, ಪುಟದ ಗೆರೆಗಳಲ್ಲಿ ಕಾಣುತ್ತದೆಯೇ ಎಂಬುದೇ ಮುಖ್ಯ. ನಾನು ಈ ಮಾಲೆಯನ್ನು ಅಳೆಯುವುದು ಅದರಿಂದಲೇ.

ಸ್ಕಾಟ್ ಸ್ನೈಡರ್ ಬರೆದು ನಿಕ್ ಡ್ರಗೋಟಾ ಚಿತ್ರಿಸಿದ 'ಅಬ್ಸಲ್ಯೂಟ್ ಬ್ಯಾಟ್‌ಮ್ಯಾನ್' ಮೊದಮೊದಲು ಈ ಪರೀಕ್ಷೆಯಲ್ಲಿ ಅದ್ಭುತವಾಗಿ ಗೆಲ್ಲುತ್ತದೆ. ಇಲ್ಲಿ ಬ್ಯಾಟ್‌ಮ್ಯಾನ್ ಆಗುವ ಬ್ರೂಸ್‌ನ ತಂದೆ ಥಾಮಸ್ ವೇಯ್ನ್ ಒಬ್ಬ ಶಾಲಾ ಮೇಷ್ಟ್ರು. ಮಕ್ಕಳನ್ನು ಮೃಗಾಲಯಕ್ಕೆ ಪ್ರವಾಸ ಕರೆದೊಯ್ದಾಗ ಬಂದೂಕುಧಾರಿಯೊಬ್ಬನ ಗುಂಡಿಗೆ ಬಲಿಯಾಗುತ್ತಾನೆ. ತಾಯಿ ಮಾರ್ಥಾ ಬದುಕಿದ್ದಾಳೆ, ದುಡಿಯುತ್ತಿದ್ದಾಳೆ. ಬ್ರೂಸ್ ನಗರಾಡಳಿತದಲ್ಲಿ ಎಂಜಿನಿಯರ್. ಗಾಥಮ್ ನಗರದ ಅಡಿಪಾಯ, ಸೇತುವೆ, ಕೊಳವೆಗಳನ್ನು ಬಲ್ಲವನು. ಅವನ ಆಯುಧಗಳೂ ಅಂಥವೇ. ಎದೆಯ ಮೇಲಿನ ಬಾವಲಿ ಲಾಂಛನವನ್ನು ಕಿತ್ತರೆ ಕೊಡಲಿ, ಮುಖವಾಡದ ಕಿವಿಗಳನ್ನು ತೆಗೆದರೆ ಚೂರಿ. ಕೊಳ್ಳಲು ಹಣವಿಲ್ಲದವನು ಮೈಮೇಲಿರುವುದನ್ನೇ ಸಲಕರಣೆ ಮಾಡಿಕೊಳ್ಳುತ್ತಾನೆ ಎಂಬ ಮಾತನ್ನು ಬಾಯಲ್ಲಿ ಹೇಳದೆ ಗೆರೆಯಲ್ಲೇ ಹೇಳಿದ್ದಾರೆ ಡ್ರಗೋಟಾ. ಚೌಕಟ್ಟಿನೊಳಗೆ ಹಿಡಿಸದಷ್ಟು ದೈತ್ಯನಾಗಿ ಅವನನ್ನು ಬಿಡಿಸಿದ್ದಕ್ಕೂ ಇದೇ ಅರ್ಥ: ಅವನ ಬಂಡವಾಳ ಆ ದೇಹ ಮಾತ್ರ. ಎದುರಿಗಿರುವ ಜೋಕರ್ ಕೋಟ್ಯಧೀಶ, ನಗುವುದೇ ಇಲ್ಲ.

ಇಷ್ಟು ಗಟ್ಟಿಯಾದ ನೆಲದ ಮೇಲೆ ನಿಂತ ಕಥೆ ಖಳ ಬೇನ್ ಬಂದ ಮೇಲೆ ಸಡಿಲವಾಯಿತು ಎಂಬುದು ನನ್ನ ದೂರು. ಪೆಂಗ್ವಿನ್, ರಿಡ್ಲರ್ ಎಂಬ ಖಳರಾಗಬೇಕಿದ್ದವರು ಈ ಲೋಕದಲ್ಲಿ ಬ್ರೂಸ್‌ನ ಬಾಲ್ಯದ ಗೆಳೆಯರು. ಒಂದೇ ಕೇರಿಯಲ್ಲಿ ಬೆಳೆದ ಹುಡುಗರ ಸ್ನೇಹ ಈ ಮಾಲೆಯ ಅತ್ಯಂತ ಮಾನವೀಯ ಕಲ್ಪನೆ. ಅವರು ಒಟ್ಟಿಗೆ ಕೂತು ಹರಟುವ ಪುಟಗಳನ್ನು ಓದುವಾಗ ಅವರ ಮುಂದಿನ ಬದುಕು ಏನಾಗುವುದೋ ಎಂಬ ಕಳವಳ ತಾನಾಗಿ ಹುಟ್ಟುತ್ತದೆ. ಆದರೆ ಬೇನ್‌ನ ಅಧ್ಯಾಯದಲ್ಲಿ ಆ ಗೆಳೆಯರು ಜಜ್ಜಿಹೋಗುತ್ತಾರೆ. ಬಾಕ್ಸರ್ ವೇಲನ್ ಜೋನ್ಸ್ ಮೊಸಳೆ ಮೈಯ ಜೀವಿಯಾಗುತ್ತಾನೆ. ನೋವು ತಟ್ಟುತ್ತದೆ, ನಿಜ. ಆದರೆ ಪ್ರತಿ ಸಂಚಿಕೆ ಹಿಂದಿನದಕ್ಕಿಂತ ದೊಡ್ಡ ಸ್ನಾಯು, ಹೆಚ್ಚು ರಕ್ತ ಎಂದು ಹೊರಟಾಗ, ಬಾಡಿಗೆ ಮನೆಯ ಬ್ರೂಸ್ ಪುಟದಿಂದ ಮರೆಯಾಗುತ್ತಾನೆ. ಬಡತನದ ಪ್ರಶ್ನೆ ಎತ್ತಿದ ಕಥೆ ತೋಳ್ಬಲದ ಉತ್ತರಕ್ಕೆ ತೃಪ್ತಿಪಡಬಾರದಿತ್ತು.

ಕೆಲ್ಲಿ ಥಾಂಪ್ಸನ್ ಬರೆದ 'ಅಬ್ಸಲ್ಯೂಟ್ ವಂಡರ್ ವುಮನ್' ಈ ತಪ್ಪು ಮಾಡುವುದಿಲ್ಲ. 1941ರಲ್ಲಿ ಹುಟ್ಟಿದ ವಂಡರ್ ವುಮನ್ ಡಯಾನಾಳಿಗೆ ಸ್ತ್ರೀಯರೇ ಆಳುವ ದ್ವೀಪ, ತಾಯಿ, ಸೋದರಿಯರು ಇದ್ದರು. ಈ ಡಯಾನಾಳಿಗೆ ಅದ್ಯಾವುದೂ ಇಲ್ಲ. ಹಸುಗೂಸಾಗಿ ನರಕಕ್ಕೆ ಬಂದು ಬಿದ್ದವಳನ್ನು ಮಾಟಗಾತಿ ಸರ್ಸಿ ಸಾಕುತ್ತಾಳೆ. ಆ ಮಗುವಿನ ಮುಂದೆ ಅಮೆಜಾನ್ ಎಂಬ ಹೆಸರೆತ್ತುವುದಕ್ಕೂ ದೇವತೆಗಳ ನಿಷೇಧ. ಇಂಥ ಹಿನ್ನೆಲೆಯವಳು ಕ್ರೂರಿಯಾಗುತ್ತಾಳೆ ಎಂದು ಯಾವ ಸಾಮಾನ್ಯ ಲೇಖಕನೂ ಬರೆದುಬಿಡುತ್ತಿದ್ದ. ಥಾಂಪ್ಸನ್ ಅವರ ಡಯಾನಾ ನರಕದ ಪ್ರಾಣಿಗಳನ್ನೂ ಮುದ್ದಿಸುವ ಹುಡುಗಿ. ಮಗು ಬೇಡವೆಂದಿದ್ದ ಸರ್ಸಿಯೇ ಅವಳಿಂದಾಗಿ ತಾಯಿಯಾಗುತ್ತಾಳೆ. ನರಕಕ್ಕೆ ಬಂದು ಸೇರಿದ ಸ್ಟೀವ್ ಟ್ರೆವರ್‌ನನ್ನು ಭೂಮಿಗೆ ಮರಳಿಸಲು ತನ್ನ ತೋಳನ್ನೇ ಕಡಿದುಕೊಡುವ ಪ್ರಸಂಗವನ್ನು ಎಷ್ಟು ಬಾರಿ ಓದಿದರೂ ಗಂಟಲು ಕಟ್ಟುತ್ತದೆ. ಅಲ್ಲಿ ವೀರಾವೇಶವಿಲ್ಲ, ಮಾಡಬೇಕಾದದ್ದನ್ನು ಮಾಡುವ ನಿಶ್ಚಯ ಮಾತ್ರ ಇದೆ. ಹೇಡನ್ ಶೆರ್ಮನ್ ಪುಟವನ್ನು ಚೌಕಗಳಾಗಿ ಕತ್ತರಿಸದೆ, ಆಯಾ ಘಟನೆಗೆ ಒಪ್ಪುವ ಆಕಾರಗಳಲ್ಲಿ ಕಟ್ಟುತ್ತಾರೆ. ಜಾರ್ಡಿ ಬೆಲೇರ್ ಅವರ ಕೆಂಪು, ಕಪ್ಪು ಬಣ್ಣಗಳಲ್ಲಿ ನರಕವೂ ಒಂದು ಮನೆಯಾಗಿ ಕಾಣುತ್ತದೆ. ಇದಕ್ಕೆ 2025ರಲ್ಲಿ ಅತ್ಯುತ್ತಮ ಹೊಸ ಮಾಲೆಯ ಐಸ್ನರ್ ಪ್ರಶಸ್ತಿ ಬಂದದ್ದು ತೀರ ನ್ಯಾಯ.

ಜೇಸನ್ ಆರನ್ ಅವರ 'ಅಬ್ಸಲ್ಯೂಟ್ ಸೂಪರ್‌ಮ್ಯಾನ್' ಬಗ್ಗೆ ನನ್ನಲ್ಲಿ ಅಷ್ಟು ಉತ್ಸಾಹವಿಲ್ಲ. ಕ್ರಿಪ್ಟಾನ್ ಗ್ರಹದ ಶ್ರಮಿಕ ವರ್ಗದ ಹುಡುಗ, ತಂದೆತಾಯಿಯ ಮುಖ ನೆನಪಿರುವ ವಯಸ್ಸಿನಲ್ಲಿ ಭೂಮಿಗೆ ಬಂದವನು, ಗಣಿ ಕಾರ್ಮಿಕರ ಪರ ಲಾಜರಸ್ ಕಂಪನಿಯ ವಿರುದ್ಧ ನಿಲ್ಲುತ್ತಾನೆ. ಕಲ್ಪನೆ ಚೆನ್ನಾಗಿದೆ. ಆದರೆ ಹಿಂದಕ್ಕೂ ಮುಂದಕ್ಕೂ ಜಿಗಿಯುವ ನಿರೂಪಣೆ ಪ್ರತಿ ಭಾವಕ್ಕೂ ವಿವರಣೆ ಜೋಡಿಸುತ್ತದೆ. ರಾಫಾ ಸ್ಯಾಂಡೊವಲ್ ಅವರ ಚಿತ್ರಗಳು ಆಗಲೇ ಹೇಳಿದ್ದನ್ನು ಪದಗಳು ಮತ್ತೆ ಹೇಳುತ್ತವೆ.

ಎಲ್ಲಕ್ಕಿಂತ ಧೈರ್ಯದ ಕೆಲಸ ನಡೆದಿರುವುದು 'ಅಬ್ಸಲ್ಯೂಟ್ ಮಾರ್ಷನ್ ಮ್ಯಾನ್‌ಹಂಟರ್'ನಲ್ಲಿ. ಡೆನಿಜ್ ಕ್ಯಾಂಪ್ ಬರೆದ ಈ ಮಾಲೆ 2025ರ ಮಾರ್ಚ್‌ನಲ್ಲಿ ಆರಂಭವಾಯಿತು. ಬಾಂಬ್ ಸ್ಫೋಟದಲ್ಲಿ ಬದುಕುಳಿದ ಎಫ್‌ಬಿಐ ಅಧಿಕಾರಿ ಜಾನ್ ಜೋನ್ಸ್‌ನ ಮನಸ್ಸಿನೊಳಗೆ ಮಂಗಳಜೀವಿಯೊಂದು ನೆಲೆಸುತ್ತದೆ. ಅಂದಿನಿಂದ ಜನರ ಆಲೋಚನೆಗಳು ಅವನ ಕಣ್ಣಿಗೆ ಬಣ್ಣಬಣ್ಣದ ಹೊಗೆಯಾಗಿ ಕಾಣುತ್ತವೆ. ಹವಿಯೆರ್ ರೋಡ್ರಿಗಸ್ ಚಿತ್ರವನ್ನೂ ಬಣ್ಣವನ್ನೂ ತಾವೇ ಮಾಡಿರುವುದರಿಂದ ಇಲ್ಲಿ ಬಣ್ಣ ಅಲಂಕಾರವಾಗಿ ಉಳಿಯದೆ ಕಥೆಯೇ ಆಗಿದೆ. ಇತರರ ಮನಸ್ಸೆಲ್ಲ ಓದಬಲ್ಲವನು ತನ್ನ ಹೆಂಡತಿ, ಮಗನ ಎದುರು ಮಾತು ಸಿಗದೆ ಕೂರುವ ಪುಟಗಳಲ್ಲಿ ಯಾವ ಹೊಡೆದಾಟಕ್ಕೂ ಇಲ್ಲದ ಬಿಗಿಯಿದೆ. ಸಿನಿಮಾದಲ್ಲಾಗಲಿ ಕಾದಂಬರಿಯಲ್ಲಾಗಲಿ ಇದನ್ನು ಹೀಗೆ ತರಲಾಗದು.

ಹೊಸದಾಗಿ ಓದುವವರು ವಂಡರ್ ವುಮನ್‌ನ ಮೊದಲ ಐದು ಸಂಚಿಕೆಗಳಿಂದ ಹೊರಡಲಿ, ಅಲ್ಲಿಂದ ನೇರ ಮಾರ್ಷನ್‌ಗೆ ಹೋಗಲಿ. ಬ್ಯಾಟ್‌ಮ್ಯಾನ್‌ನ ಮೊದಲ ಆರನ್ನೂ ಬಿಡಬಾರದು. ಸ್ನೈಡರ್ ಆ ಬ್ರೂಸ್‌ನನ್ನು ಮತ್ತೆ ಅವನ ಕೆಲಸಕ್ಕೆ, ಅವನ ಕೇರಿಗೆ, ತಾಯಿಯ ಅಡುಗೆಮನೆಗೆ ಕರೆತಂದರೆ ಮುಂದಿನ ಸಂಚಿಕೆಗಳನ್ನೂ ಅಷ್ಟೇ ಪ್ರೀತಿಯಿಂದ ಓದುತ್ತೇನೆ.